ಗಾಳಿಹಡಗಿನ ಹೊಲಿಗೆ

ಪ್ಲೆಸೆಂಟನ್
ಫೆಬ್ರವರಿ 9, 2025

ಅಬ್ಬಾ,

ಸಲಾಂ. ಕಳೆದ ಭಾನುವಾರ ಫೋನಿನಲ್ಲಿ ನಾನು ಕೂಗಿದ ಕೂಗಿಗೆ ಪಕ್ಕದ ಅಪಾರ್ಟ್‌ಮೆಂಟಿನವರು ಬಂದು ಬಾಗಿಲು ತಟ್ಟಿ, ಎಲ್ಲ ಸರಿಯಿದೆಯೇ ಎಂದು ಕೇಳಿ ಹೋದರು. ನಿಮಗೆ ಮಾತ್ರ ಏನೂ ಕೇಳಿಸಲಿಲ್ಲ. ನಲವತ್ತು ವರ್ಷ ಹೊಲಿಗೆ ಮೆಶಿನ್ನಿನ ಪಕ್ಕ ಇದ್ದ ಕಿವಿ, ಅದನ್ನು ಇನ್ನು ದಣಿಸುವುದು ಬೇಡ. ಮನೆಯಲ್ಲಿ ಆಡುವುದು ಉರ್ದುವಾದರೂ ನಾವಿಬ್ಬರೂ ಶಾಲೆಯಲ್ಲಿ ತಿದ್ದಿದ್ದು ಕನ್ನಡ. ಹಾಗಾಗಿ ಇನ್ನು ಮೇಲೆ ಕನ್ನಡದಲ್ಲಿ ಕಾಗದ.

ಇಲ್ಲಿ ನನಗೊಂದು ಕೆಲಸ ಸಿಕ್ಕಿದೆ. ಸಂಬಳವಿಲ್ಲ, ನನ್ನ ವೀಸಾದಲ್ಲಿ ಸಂಬಳ ತೆಗೆದುಕೊಳ್ಳುವಂತೆಯೂ ಇಲ್ಲ. ನಿಮ್ಮ ಅಳಿಯ ಕಲೀಮ್ ಬೆಳಿಗ್ಗೆ ವಾಲ್ನಟ್ ಕ್ರೀಕಿನ ಆಫೀಸುಗಳ ಎಸಿ ರಿಪೇರಿಗೆ ವ್ಯಾನಿನಲ್ಲಿ ಹೊರಟ ಮೇಲೆ, ವಾರಕ್ಕೆ ಮೂರು ದಿನ ನಾನು ಒಂದು ಪುಟ್ಟ ಮ್ಯೂಸಿಯಮ್ಮಿಗೆ ಹೋಗುತ್ತೇನೆ. ಹಳೆಯ ರೈಲು ನಿಲ್ದಾಣದ ಮರದ ಕಟ್ಟಡ. ಅದನ್ನು ನಡೆಸುವವರಲ್ಲಿ ಜಲಜಾ ಎಂಬ ನಿವೃತ್ತ ಡಾಕ್ಟರ್ ಒಬ್ಬರು ಬೆಂಗಳೂರಿನ ಬಸವನಗುಡಿಯವರು. ಪ್ಲೆಸೆಂಟನ್ನಿನಿಂದ ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋಗುವುದೂ ಅವರೇ. ಮೊದಲ ದಿನವೇ ಹೇಳಿಬಿಟ್ಟರು: “ನೋಡಮ್ಮ, ಲಿಟರೇಚರ್ ಓದಿದೀಯ, ಹಳೇ ಪೇಪರು ಕಂಡ್ರೆ ಭಯ ಇಲ್ಲ ನಿಂಗೆ. ಮನುಷ್ಯರನ್ನ ಕಂಡ್ರೇ ಭಯ. ಬಾಕ್ಸುಗಳ ರೂಮು ನಿಂಗೆ ಕರೆಕ್ಟು.”

ಆ ಕೋಣೆಯಲ್ಲಿ ಐವತ್ತು ವರ್ಷಗಳಿಂದ ಯಾರೂ ಸರಿಯಾಗಿ ಬಿಚ್ಚಿ ನೋಡದ ಮೂರು ಪೆಟ್ಟಿಗೆಗಳಿದ್ದವು. ಮೊದಲನೆಯದರಲ್ಲಿ ಒಂದು ಫೋಟೋ. ಉದ್ದನೆಯ ತಗಡಿನ ಶೆಡ್ಡು, ಅದರ ತುಂಬ ಬೆಳ್ಳಗಿನ ಏನೋ ಒಂದು. ಮೋಡ ಎಂದುಕೊಂಡೆ. ಆಮೇಲೆ ಅದರ ಅಡಿಯಲ್ಲಿ ಬಿಳಿಯ ಏಪ್ರನ್ ಕಟ್ಟಿದ ಹೆಂಗಸರ ಸಾಲು ಕಂಡಿತು. ಅಕ್ಕಿಕಾಳುಗಳಂತೆ ಇದ್ದರು. ಹಿಂದೆ ತಿರುಗಿಸಿದರೆ ಪೆನ್ಸಿಲಿನಲ್ಲಿ ಬರೆದಿತ್ತು: ಟ್ರೆಸ್ಕಾಟ್ ಏರ್‌ಶಿಪ್ ಕಂಪನಿ, 1909.

ಅಬ್ಬಾ, ಅದು ಗಾಳಿಯಲ್ಲಿ ತೇಲುವ ಹಡಗು. ಬಟ್ಟೆಯ ಹಡಗು! ಉದ್ದ ಇನ್ನೂರ ಎಂಬತ್ತು ಅಡಿ. ನಾವು ಹೊಲಿದ ಅತಿ ದೊಡ್ಡ ಶಾಮಿಯಾನ ಅರವತ್ತು ಅಡಿ ಅಲ್ಲವೇ? ಅಂಥ ಸುಮಾರು ಐದನ್ನು ಉದ್ದಕ್ಕೆ ಜೋಡಿಸಿ, ಸುರುಳಿ ಸುತ್ತಿ, ಎರಡು ತುದಿ ಮುಚ್ಚಿ, ಒಳಗೆ ಗಾಳಿಗಿಂತ ಹಗುರವಾದ ಅನಿಲ ತುಂಬಿ, ಕೆಳಗೆ ಎಂಜಿನ್ನು ಕಟ್ಟಿ, ಮನುಷ್ಯರನ್ನು ಕೂರಿಸಿ ಮೇಲೆ ಬಿಡುವುದು. ಆ ಕಾಲಕ್ಕೆ ಈ ಊರಿನಲ್ಲಿ ಮೋಟಾರು ಕಾರು ಬಂದರೂ ಜನ ಹೊರಗೆ ಓಡಿಬಂದು ನೋಡುತ್ತಿದ್ದರಂತೆ.

ಎಡ್ವಿನ್ ಟ್ರೆಸ್ಕಾಟ್ ಎಂಬಾತ ಮೊದಲು ಹಗ್ಗ ಕಟ್ಟಿದ ಒಂದು ಬಲೂನಿನಲ್ಲಿ ಜನರನ್ನು ಮೇಲೆ ಹತ್ತಿಸಿ ಇಳಿಸುತ್ತಿದ್ದ. ಬಲೂನಿನ ಹೆಸರು ಮೇರಿ. ಹೊಟ್ಟೆಯ ಮೇಲೆ ಆಳೆತ್ತರದ ಕೆಂಪು ಅಕ್ಷರಗಳಲ್ಲಿ ಆ ಹೆಸರು. 1906ರ ಭೂಕಂಪದ ನಂತರ ಸುಟ್ಟುಹೋದ ಸ್ಯಾನ್ ಫ್ರಾನ್ಸಿಸ್ಕೋವನ್ನು ಜನ ಅದರಲ್ಲಿ ಕುಳಿತೇ ನೋಡಿದರು. ಮರುವರ್ಷ ಅವನು ಕಂಪನಿ ತೆರೆದ. ನೆಲ ಮುಟ್ಟದೆ ನ್ಯೂಯಾರ್ಕಿಗೆ ನಲವತ್ತು ಮಂದಿಯನ್ನು ಕರೆದೊಯ್ಯುವ ಹಡಗು ಕಟ್ಟುತ್ತೇನೆ ಎಂದ. ಮೂರೇ ವರ್ಷ ಬಾಳಿದ ಕಂಪನಿ. ಕಟ್ಟಿದ್ದು ಒಂದೇ ಹಡಗು. ಹಾರಿದ್ದು ಒಂದೇ ಸಲ.

ಜುಲೈಯಲ್ಲಿ ಇದರ ಬಗ್ಗೆ ಒಂದು ಪ್ರದರ್ಶನ ಮಾಡುತ್ತಾರೆ. ಗೋಡೆಯ ಮೇಲೆ ಹಾಕುವ ಬರಹವನ್ನು ನಾನೇ ಬರೆಯಬೇಕಂತೆ. ಜಲಜಾ ಆಂಟಿಯ ಹಟ. ಟ್ರೆಸ್ಕಾಟ್ ತಾನೇ ಅಚ್ಚು ಹಾಕಿಸಿದ ಕಂಪನಿಯ ಚರಿತ್ರೆಯೊಂದು ಪೆಟ್ಟಿಗೆಯಲ್ಲಿದೆ. ಅದನ್ನೇ ಚಿಕ್ಕದಾಗಿ ಬರೆದರೆ ಸಾಕು ಎಂದರು. ಅದರ ಕೊನೆಯ ಪುಟದಲ್ಲಿ ಹಡಗು ಯಾಕೆ ಬಿತ್ತು ಎಂಬುದಕ್ಕೆ ಒಂದೇ ಸಾಲು ಇದೆ: ಹೊಲಿಯುವ ಹೆಂಗಸೊಬ್ಬಳ ದೋಷದ ಹೊಲಿಗೆ ಬಿಟ್ಟುಹೋಗಿ.

ಆ ಸಾಲು ಓದಿ ಪೆಟ್ಟಿಗೆ ಮುಚ್ಚಿ ಮನೆಗೆ ಬಂದೆ. ಯಾಕೆಂದು ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿರಲೂಬಹುದು.

ನಿಮ್ಮ
ಸಮ್ರೀನ್

*

ಮಂಡಿ ಮೊಹಲ್ಲಾ, ಮೈಸೂರು
ಮಾರ್ಚ್ 4, 2025

ಮಗಳಿಗೆ ದುವಾ.

ಕಾಗದ ಬಂತು. ಎರಡು ಸಲ ಓದಿದೆ. ನಿನ್ನ ಅಮ್ಮಿಗೂ ಓದಿ ಹೇಳಿದೆ. ನಾನು ಕ್ಷೇಮ. ಆಟೋ ಸೀಟಿನ ಕವರು ಹೊಲಿಯುವ ಕೆಲಸ ಸಾಕಷ್ಟಿದೆ.

ಇನ್ನೂರ ಎಂಬತ್ತು ಅಡಿ ಅಂದರೆ ನಮ್ಮ ಅಂಗಡಿಯಿಂದ ಮಸೀದಿಯ ಮೂಲೆ ದಾಟಿ ಹೋಗುತ್ತದೆ. ನಿನ್ನೆ ಹೆಜ್ಜೆಯಲ್ಲಿ ಅಳೆದು ನೋಡಿದೆ. ಚಹಾದ ಅಂಗಡಿಯವನು “ಏನ್ ಸಾಬ್ರೇ, ರೋಡ್ ಪರ್ಚೇಸಾ?” ಎಂದು ಕೇಳಿದ. ಗಾಳಿಹಡಗು ಎಂದೆ. ಅವನು ನನ್ನ ಕಿವಿಯ ಜೊತೆ ತಲೆಯೂ ಹೋಯಿತು ಎಂದುಕೊಂಡಿರಬೇಕು.

ಅಷ್ಟು ಉದ್ದದ ಬಟ್ಟೆಯನ್ನು ಮೆಶಿನ್ನಿನ ಕೆಳಗೆ ತೂರಿಸುವುದು ಹೇಗೆ? ಬಟ್ಟೆ ಎಳೆದರೆ ಹೊಲಿಗೆ ಸೊಟ್ಟವಾಗುತ್ತದೆ. ಬಟ್ಟೆ ನಿಂತಿದ್ದು ಮೆಶಿನ್ ನಡೆಯಬೇಕು. ಅವರು ಮೆಶಿನ್ನಿಗೆ ಗಾಲಿ ಕಟ್ಟಿದ್ದರೇ? ನೂಲು ಯಾವುದು? ಒಂಟಿ ಸಾಲೋ ಜೋಡಿ ಸಾಲೋ? ಅನಿಲ ಸೂಜಿತೂತಿನಿಂದ ಸೋರದಂತೆ ಏನು ಬಳಿದರು? ಇದನ್ನೆಲ್ಲ ನೋಡಿ ಬರೆ. ಶಾಮಿಯಾನ ನೆಲಕ್ಕೆ ಕಟ್ಟಿದ್ದು, ಗಾಳಿ ಬಂದರೆ ಹಗ್ಗಕ್ಕೆ ಹೇಳುತ್ತದೆ. ಅದು ಯಾವುದಕ್ಕೂ ಕಟ್ಟದೆ ಮೇಲೆ ಹೋಯಿತಲ್ಲ. ಅಲ್ಲಾಹನೇ, ಎಂಥ ಧೈರ್ಯ.

ಅಮ್ಮಿ ಹೇಳಿ ಬರೆಸಿದ್ದು: ಸಂಬಳವಿಲ್ಲದ ಕೆಲಸಕ್ಕೆ ಊಟ ಬಿಟ್ಟು ಹೋಗಬೇಡ. ಫೋಟೋದಲ್ಲಿ ಕತ್ತಿನ ಮೂಳೆ ಕಾಣುತ್ತಿದೆ.

ನಿನ್ನ ಅಬ್ಬಾ
ಕಮರುದ್ದೀನ್

*

ಪ್ಲೆಸೆಂಟನ್
ಮಾರ್ಚ್ 23, 2025

ಅಬ್ಬಾ,

ನೀವು ಊಹಿಸಿದ್ದು ಸರಿ. ಮೆಶಿನ್ನುಗಳಿಗೆ ಗಾಲಿಯಿತ್ತು. ಉದ್ದನೆಯ ಮರದ ಹಳಿಯ ಮೇಲೆ ಒಬ್ಬಳು ಮೆಶಿನ್ ಸಮೇತ ಸಾಗುತ್ತಿದ್ದಳು, ಮುಂದೊಬ್ಬಳು ಬಟ್ಟೆ ಮಡಚಿ ಹಿಡಿಯುತ್ತಿದ್ದಳು. ಇದನ್ನು ಜಲಜಾ ಆಂಟಿಗೆ ಹೇಳಿದೆ. “ನಿಮ್ ತಂದೆ ಮೈಸೂರಲ್ಲಿ ಕೂತ್ಕೊಂಡೇ ಗೆಸ್ ಮಾಡಿದ್ರಾ? ಅವರನ್ನ ಇಲ್ಲಿಗೆ ಕರ್ಸೋಣ ಕಣೇ, ನಮಗೆಲ್ಲ ಪೆನ್ಶನ್ನು!” ಎಂದರು.

ನನಗೆ ಇದೆಲ್ಲ ಗೊತ್ತಾದದ್ದು ಮೂರನೆಯ ಪೆಟ್ಟಿಗೆಯಿಂದ. ಅದು ಕಂಪನಿಯದ್ದಲ್ಲ. ಹೊಲಿಗೆಯ ಕೋಣೆಯ ಮುಖ್ಯಸ್ಥೆ ರೋಸಾ ಮೆಡೇರೋಸ್ ಎಂಬಾಕೆಯ ಮೊಮ್ಮಗಳು ಕೊಟ್ಟಿದ್ದು. ರೋಸಾ ಪೋರ್ಚುಗಲಿನ ದ್ವೀಪವೊಂದರಿಂದ ಬಂದವಳು. ಅವಳ ಅಪ್ಪ ಹಡಗಿನ ಹಾಯಿ ಹೊಲಿಯುತ್ತಿದ್ದನಂತೆ. ಅಜ್ಜಿಯಿಂದ ಕೇಳಿದ್ದನ್ನು ಮೊಮ್ಮಗಳು ನಾಲ್ಕು ಹಾಳೆಯಲ್ಲಿ ಟೈಪ್ ಮಾಡಿಸಿಟ್ಟಿದ್ದಾಳೆ.

ಕೇಳಿ. ಮೂವತ್ತಾರು ಹೆಂಗಸರು. ಒಳಗೆ ಬರುವ ಮುಂಚೆ ಬೂಟು ಬಿಚ್ಚಬೇಕು. ಉಂಗುರ, ಬಳೆ, ತಲೆಯ ಪಿನ್ನು ಎಲ್ಲ ತೆಗೆದು ಬಾಗಿಲಲ್ಲಿ ಬಟ್ಟಲಿಗೆ ಹಾಕಬೇಕು. ಒಂದು ಪಿನ್ನು ಸಾಕು, ಆರು ತಿಂಗಳ ಕೆಲಸ ಹಾಳು. ಅಗಸೆ ಎಣ್ಣೆಯ ವಾರ್ನಿಷಿನ ವಾಸನೆ ಕೂದಲಿನಿಂದ ಹೋಗುತ್ತಿರಲಿಲ್ಲ. ಮನೆಯಲ್ಲಿ ಮಕ್ಕಳು ಅಮ್ಮನ ಪಕ್ಕ ಮಲಗಲು ಒಪ್ಪುತ್ತಿರಲಿಲ್ಲ.

ಹೊಲಿದು ಮುಗಿದ ಮೇಲೆ ದೊಡ್ಡ ಬೀಸಣಿಗೆಯಿಂದ ಅದಕ್ಕೆ ಬರೀ ಗಾಳಿ ತುಂಬಿದರು. ಆಮೇಲೆ ರೋಸಾ ಮತ್ತು ಇನ್ನಿಬ್ಬರು ಅದರ ಬಾಯಿಯಿಂದ ಒಳಗೆ ಹೋದರು. ಅಬ್ಬಾ, ಅದರ ಒಳಗೆ! ಬರಿಗಾಲಿನಲ್ಲಿ, ಇನ್ನೂರ ಎಂಬತ್ತು ಅಡಿ ಉದ್ದಕ್ಕೂ, ನಾಲ್ಕು ಆಳೆತ್ತರದ ಬಟ್ಟೆಯ ಗುಹೆಯಲ್ಲಿ ನಡೆದರು. ಹೊರಗೆ ಮಧ್ಯಾಹ್ನದ ಬಿಸಿಲು, ಒಳಗೆ ಜೇನಿನ ಬಣ್ಣದ ಕತ್ತಲೆ. ಎಲ್ಲೆಲ್ಲಿ ತೂತಿದೆಯೋ ಅಲ್ಲೆಲ್ಲ ಒಂದೊಂದು ಬೆಳಕಿನ ಚುಕ್ಕೆ. ಅದನ್ನು ಗುರುತು ಮಾಡಿ ತೇಪೆ ಹಾಕುವುದೇ ಕೆಲಸ. ರೋಸಾ ಮೊಮ್ಮಗಳಿಗೆ ಹೇಳಿದಳಂತೆ: ನಾನು ಆಕಾಶದ ಒಳಗೆ ನಡೆದು ನಕ್ಷತ್ರಗಳನ್ನು ಒಂದೊಂದಾಗಿ ಮುಚ್ಚಿದವಳು.

ಇದನ್ನು ಓದುವಾಗ ನಮ್ಮ ಅಂಗಡಿ ನೆನಪಾಯಿತು. ಚಿಕ್ಕವಳಿದ್ದಾಗ ನೆಲದ ಮೇಲೆ ಹರಡಿದ ಶಾಮಿಯಾನದ ಅಡಿಗೆ ತೆವಳಿ ಹೋಗುತ್ತಿದ್ದೆ. ನೀವು ನಡುಗಂಬ ಎತ್ತಿದಾಗ ಕೆಂಪು ಹಳದಿ ಆಕಾಶ ಒಮ್ಮೆಲೇ ನನ್ನಿಂದ ದೂರ ಏಳುತ್ತಿತ್ತು. ಅದಕ್ಕಿಂತ ದೊಡ್ಡದನ್ನು ನಾನು ಎಲ್ಲೂ ನೋಡಿಲ್ಲ.

1909ರ ಸೆಪ್ಟೆಂಬರಿನಲ್ಲಿ ಹಡಗು ಎದ್ದಿತು. ಕೊಲ್ಲಿಯ ದಡದಲ್ಲಿ ಸಾವಿರಾರು ಜನ. ಇನ್ನೂರು ಅಡಿ ಮೇಲೆ ಬೆನ್ನು ಸೀಳಿತು. ಜವುಗು ನೆಲದ ಮೇಲೆ ಬಿತ್ತು. ಯಾರೂ ಸಾಯಲಿಲ್ಲ, ಆರು ಜನರ ಮೂಳೆ ಮುರಿಯಿತು. ಮರುದಿನ ರೋಸಾಳನ್ನು ಕೆಲಸದಿಂದ ತೆಗೆದರು. ಆಮೇಲೆ ಯಾರೂ ಅವಳಿಗೆ ಹೊಲಿಯಲು ಒಂದು ಪರದೆಯನ್ನೂ ಕೊಡಲಿಲ್ಲ.

ಈಗ ನನ್ನ ಮಾತು. ಒಂಬತ್ತು ವರ್ಷವಾಗುತ್ತ ಬಂತು, ನಾವು ಅದನ್ನು ಮಾತಾಡಿಲ್ಲ. ಬನ್ನಿಮಂಟಪದ ಆ ಮದುವೆಗೆ ಹೊಲಿದ ಶಾಮಿಯಾನದ ನಡುಪಟ್ಟಿಯ ಹೊಲಿಗೆ ಹಾಕಿದ್ದು ನಾನು. ಶುಕ್ರವಾರದೊಳಗೆ ಮುಗಿಯಬೇಕೆಂದು ನನ್ನನ್ನು ಕೂರಿಸಿದ್ದಿರಿ. ನನಗೆ ಹದಿನೇಳು. ತೊಡೆಯ ಮೇಲೆ ಕಾದಂಬರಿ ಇಟ್ಟುಕೊಂಡು ಮೆಶಿನ್ ತುಳಿಯುತ್ತಿದ್ದೆ. ಮೊದಲ ಸಾಲು ಹಾಕಿದ್ದು ನೆನಪಿದೆ. ಎರಡನೇ ಸಾಲು ಹಾಕಿದ್ದು ನೆನಪಿಲ್ಲ. ಎಷ್ಟು ಸಲ ನೆನಪು ಮಾಡಿಕೊಂಡರೂ ಕಾದಂಬರಿಯ ಪುಟವೇ ಕಾಣುತ್ತದೆ. ಜೂನಿನ ಗಾಳಿಗೆ ಶಾಮಿಯಾನ ಸೀಳಿ, ಕಂಬ ಬಿದ್ದು, ಲೈಟಿನ ಹನುಮಂತರಾಜು ಅಂಕಲ್ ಕಾಲು ಮುರಿಯಿತು. ಪೊಲೀಸರು ಮನೆಗೆ ಬಂದಾಗ ನೀವು “ಹೊಲಿಗೆ ಬಿಟ್ಟಿತು ಸಾರ್” ಎಂದಿರಿ. ನಾನು ಬಾಗಿಲ ಹಿಂದೆ ನಿಂತಿದ್ದೆ.

ಅಂದಿನಿಂದ ನಾನು ಮೆಶಿನ್ ಮುಟ್ಟಿಲ್ಲ. ನೀವು ಅಂಗಡಿಯ ಶಾಮಿಯಾನದ ಬೋರ್ಡು ಇಳಿಸಿದಿರಿ.

ರೋಸಾಳ ಪೆಟ್ಟಿಗೆಯ ತಳದಲ್ಲಿ ಆ ಹಡಗಿನ ಒಂದು ತುಂಡು ಬಟ್ಟೆಯಿದೆ. ಟವೆಲಿನಷ್ಟು. ನಡುವೆ ಹೊಲಿಗೆ ಹಾದಿದೆ. ಮೊಮ್ಮಗಳು ಚೀಟಿ ಬರೆದಿದ್ದಾಳೆ: ಅಜ್ಜಿ ಇದನ್ನು ಸಾಯುವವರೆಗೆ ಯಾಕೆ ಇಟ್ಟುಕೊಂಡಿದ್ದಳೋ ತಿಳಿಯದು. ಅದರ ಫೋಟೋಗಳನ್ನು ಅಮ್ಮಿಯ ಫೋನಿಗೆ ಕಳಿಸಿದ್ದೇನೆ. ನೋಡಿ ಹೇಳಿ. ಹೊಲಿಗೆ ಬಿಟ್ಟಿತ್ತೇ?

ಎರಡೂ ಹೊಲಿಗೆಗಳ ಬಗ್ಗೆ ಕೇಳುತ್ತಿದ್ದೇನೆ ಅಬ್ಬಾ.

ಸಮ್ರೀನ್

*

ಮೈಸೂರು
ಮೇ 2, 2025

ಮಗಳಿಗೆ ದುವಾ.

ತಡವಾಯಿತು. ಈದ್ ಮುಗಿಯಿತು, ಆಮೇಲೆ ನಿನ್ನ ಅಮ್ಮಿಗೆ ಜ್ವರ, ಈಗ ವಾಸಿ.

ಬಟ್ಟೆಯನ್ನು ಫೋಟೋದಲ್ಲಿ ನೋಡುವುದು ಬಿರಿಯಾನಿಯನ್ನು ಫೋಟೋದಲ್ಲಿ ತಿಂದಂತೆ. ಬೆರಳಲ್ಲಿ ನೋಡಬೇಕು. ನನ್ನ ಬೆರಳು ಅಲ್ಲಿಗೆ ಬರುವುದಿಲ್ಲ, ನಿನ್ನದೇ ಆಗಬೇಕು. ಹೀಗೆ ಮಾಡು.

ಮೊದಲು ಸ್ಕೇಲು ಇಟ್ಟು ಒಂದು ಇಂಚಿನಲ್ಲಿ ಸೂಜಿ ಎಷ್ಟು ಸಲ ಇಳಿದಿದೆ, ಎಷ್ಟು ಟಾಕಾ ಎಂದು ಎಣಿಸು. ಜೋಡಿ ಸಾಲಿದ್ದರೆ ಎರಡನ್ನೂ ಎಣಿಸು. ಮೆಶಿನ್ನಿನ ತಿರುಪನ್ನು ಒಬ್ಬೊಬ್ಬರು ಒಂದೊಂದು ಅಳತೆಗೆ ಇಡುತ್ತಾರೆ, ಜೀವಮಾನವಿಡೀ ಬದಲಾಯಿಸುವುದಿಲ್ಲ. ನಾನು ಇಂಚಿಗೆ ಎಂಟು ಹಾಕುವವನು, ನನ್ನ ಉಸ್ತಾದರೂ ಎಂಟು. ಆಮೇಲೆ ಸೂಜಿತೂತು ನೋಡು. ಹೊಲಿಗೆ ಎಳೆತಕ್ಕೆ ಸೋತಿದ್ದರೆ ತೂತು ಉದ್ದವಾಗಿರುತ್ತದೆ, ಬಾಯಿ ಬಿಟ್ಟ ಹಾಗೆ. ಸೋಲದಿದ್ದರೆ ದುಂಡಗಿರುತ್ತದೆ. ನೂಲು ಎಲ್ಲಾದರೂ ಕಡಿದಿದೆಯೇ ನೋಡು. ಕೊನೆಗೆ ಹೊಲಿಗೆಯ ಆಚೆ ಈಚೆ ಬಟ್ಟೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಉಜ್ಜು. ಆಗ ಬರುವ ಸದ್ದು ಕೇಳು. ಎರಡೂ ಬದಿ ಒಂದೇ ಸದ್ದು ಬರಬೇಕು.

ಬಟ್ಟೆ ಸುಳ್ಳು ಹೇಳುವುದಿಲ್ಲ. ಉಳಿದದ್ದು ಆಮೇಲೆ.

ಅಬ್ಬಾ

*

ಪ್ಲೆಸೆಂಟನ್
ಮೇ 20, 2025

ಅಬ್ಬಾ,

ನಿಮ್ಮ ಕಾಗದವನ್ನು ಮೇಜಿನ ಮೇಲಿಟ್ಟುಕೊಂಡು ಸಾಲು ಸಾಲಾಗಿ ಮಾಡಿದೆವು. ಜಲಜಾ ಆಂಟಿ ಕೈಗವಸು ತೊಟ್ಟು ಬಟ್ಟೆ ಹಿಡಿದರು. ಅವರ ಮೊಮ್ಮಗ ಯಶಸ್ ಫೋನಿನ ಬೆಳಕು ಹಿಡಿದ. “ಪಲ್ಸ್ ನೋಡೋಕೆ ಮೂವತ್ತು ವರ್ಷ ಪ್ರಾಕ್ಟೀಸ್ ಮಾಡಿದೀನಿ, ಬಟ್ಟೆ ಪಲ್ಸು ಇದೇ ಫಸ್ಟು” ಎಂದರು.

ಇಂಚಿಗೆ ಹನ್ನೊಂದು ಟಾಕಾ. ಎರಡು ಸಾಲು, ಎರಡರಲ್ಲೂ ಹನ್ನೊಂದು. ಒಂದು ಕಡೆಯೂ ತಪ್ಪಿಲ್ಲ. ತೂತುಗಳು ದುಂಡಗಿವೆ. ನೂಲು ಎಲ್ಲೂ ಕಡಿದಿಲ್ಲ. ನೂರ ಹದಿನಾರು ವರ್ಷ ಅಬ್ಬಾ! ಬಟ್ಟೆ ಸೀಳಿರುವುದು ಹೊಲಿಗೆಯಿಂದ ಎರಡು ಬೆರಳು ಆಚೆಗೆ.

ಸದ್ದು ಕೇಳಿದೆವು. ಒಂದು ಬದಿ ಹೊಸ ಚಾದರದಂತೆ ಮೆತ್ತಗಿನ ಸದ್ದು. ಇನ್ನೊಂದು ಬದಿ ಹಪ್ಪಳ. ಯಶಸ್ ಬೆಚ್ಚಿ ಹಿಂದೆ ಸರಿದು “ಇಟ್ಸ್ ಲೈಕ್ ಚಿಪ್ಸ್, ಅಜ್ಜಿ!” ಎಂದ. ಆ ಬದಿಯಲ್ಲಿ ಇನ್ನೂ ಎರಡು ಸಂಗತಿ ಕಂಡವು. ನೂಲೇ ಇಲ್ಲದ ಸೂಜಿತೂತುಗಳ ಒಂದು ಹಳೆಯ ಸಾಲು. ಮತ್ತೆ ವಾರ್ನಿಷಿನ ಅಡಿಯಲ್ಲಿ ಕೆಂಪು ಬಣ್ಣದ ದಪ್ಪನೆಯ ಒಂದು ಗೆರೆ.

ಕೆಂಪು. ಮೇರಿ ಬಲೂನಿನ ಹೆಸರು ಬರೆದಿದ್ದು ಕೆಂಪಿನಲ್ಲಿ ಎಂದು ಮೊದಲ ಕಾಗದದಲ್ಲೇ ನಿಮಗೆ ಬರೆದಿದ್ದೆ. ಅವರು ಮೇರಿಯನ್ನು ಬಿಚ್ಚಿ ಹಡಗಿಗೆ ಸೇರಿಸಿದ್ದರೇ? ನನಗೆ ಹಾಗನ್ನಿಸುತ್ತಿದೆ. ಆದರೆ ಅನ್ನಿಸಿದ್ದನ್ನು ಗೋಡೆಯ ಮೇಲೆ ಬರೆಯಲಾರೆ. ಕೈ ತಿಳಿದವರು ಹೌದು ಎನ್ನಬೇಕು. ನೀವು ಹೇಳಿ.

ಮೊನ್ನೆ ಕ್ಯಾಂಪ್‌ಬೆಲ್ಲಿಗೆ ಕಲೀಮರ ಅಣ್ಣನ ಮನೆಗೆ ಹೋಗುತ್ತಿದ್ದೆವು. ಫ್ರೀವೇಯಲ್ಲಿ ಎಲ್ಲ ಕಾರುಗಳೂ ನಿಧಾನವಾದವು. ಅಪಘಾತವಾಗಿದೆ ಎಂದುಕೊಂಡೆ. ಕಲೀಮ್ ತಮ್ಮ ಹುಬ್ಬಳ್ಳಿಯ ದನಿಯಲ್ಲಿ “ಏ, ಮ್ಯಾಲ ನೋಡ, ನಿನ್ನ ಕಂಪನಿ ಮತ್ತ ಚಾಲೂ ಆತು!” ಎಂದರು. ಕೊಲ್ಲಿಯ ಮೇಲೆ ಬೆಳ್ಳಗಿನ ಹಡಗು. ಈ ಕಾಲದ್ದು, ಯಾರೋ ಮತ್ತೆ ಕಟ್ಟಿ ಪರೀಕ್ಷಿಸುತ್ತಿದ್ದಾರಂತೆ. ವಿಮಾನ ಆಕಾಶವನ್ನು ಗೀರಿ ಹೋಗುತ್ತದೆ. ಇದು ಹಾಗಲ್ಲ. ಇದಕ್ಕೆ ಹೋಗಬೇಕಾದ ಅವಸರವೇ ಇರಲಿಲ್ಲ. ಬೆಟ್ಟವೊಂದು ನೆಲದ ಮೇಲಿನ ಕೆಲಸ ಸಾಕೆಂದು ಎದ್ದು ನಿಂತ ಹಾಗೆ. ನನಗೆ ಅಳು ಬಂತು. ಕಲೀಮ್ ಎಸಿ ಕಡಿಮೆ ಮಾಡಿದರು. ಯಾರಿಗೆ ಏನಾದರೂ ಅವರು ಮಾಡುವುದು ಅದೊಂದೇ.

ಅಷ್ಟು ಎತ್ತರಕ್ಕೆ ಹೋಗುವುದೆಲ್ಲ ಯಾರೋ ಒಬ್ಬರ ಬೆರಳಿನ ಮೇಲೆ ನಿಂತಿರುತ್ತದೆ ಎನ್ನಿಸಿತು.

ನೀವು ನನ್ನ ಇನ್ನೊಂದು ಪ್ರಶ್ನೆಗೆ ಉತ್ತರ ಬರೆಯಲಿಲ್ಲ. ಹೌದು ಎಂದಾದರೂ ಬರೆಯಿರಿ. ಹೌದು ಎಂಬುದನ್ನು ನಾನು ತಾಳಬಲ್ಲೆ. ಇದನ್ನು ತಾಳಲಾರೆ.

ಸಮ್ರೀನ್

*

ಮೈಸೂರು
ಜೂನ್ 20, 2025

ಮಗಳೇ ಸಮ್ರೀನ್,

ನೀನು ಕಂಡದ್ದು ಸರಿ. ನೂಲಿಲ್ಲದ ತೂತು ಅಂದರೆ ಬಿಚ್ಚಿದ ಬಟ್ಟೆ. ಅವನು ಹಳೆಯ ಬಲೂನನ್ನು ಬಿಚ್ಚಿ, ಹೊಸ ಬಟ್ಟೆ ಸಾಲದ ಕಡೆ ಅದನ್ನು ಇಟ್ಟು ಹೊಲಿಸಿದ್ದಾನೆ. ಅದೂ ಬೆನ್ನಿನ ಮೇಲೆ, ಕೆಳಗೆ ನಿಂತವರಿಗೆ ಕಾಣದ ಜಾಗದಲ್ಲಿ. ಎಣ್ಣೆ ಮತ್ತು ಬಿಸಿಲು ಸೇರಿ ತಿಂದ ಬಟ್ಟೆ. ಅದನ್ನು ಎಷ್ಟು ಚೆನ್ನಾಗಿ ಹೊಲಿದರೂ ಪಕ್ಕದಲ್ಲಿ ಹರಿಯುತ್ತದೆ. ಆ ಹೆಣ್ಣುಮಗಳಿಗೆ ಇದು ಬೆರಳಲ್ಲಿ ಗೊತ್ತಾಗಿರುತ್ತದೆ. ಅವಳ ಮಾತು ಕೇಳುವವರಿರಲಿಲ್ಲ. ಅದಕ್ಕೇ ತುಂಡು ಎತ್ತಿಟ್ಟುಕೊಂಡಳು. ಗೋಡೆಯ ಮೇಲೆ ಧೈರ್ಯವಾಗಿ ಬರೆ. ಮೈಸೂರಿನ ಕಮರುದ್ದೀನ್ ಹೌದು ಎಂದ ಎಂದು ಹೇಳು.

ನನಗೆ ಇಷ್ಟು ಬೇಗ ಹೇಗೆ ತಿಳಿಯಿತು ಎಂದು ನೀನು ಕೇಳಬೇಕು. ನಾನೂ ಅದನ್ನೇ ಮಾಡಿದವನು.

ಆ ಮದುವೆಯ ಕೆಲಸಕ್ಕೆ ಹೊಸ ಬಟ್ಟೆ ಸಮಯಕ್ಕೆ ಬರಲಿಲ್ಲ. ಏಳು ವರ್ಷ ಬಿಸಿಲಿನಲ್ಲಿ ನಿಂತ ಹಳೆಯ ಶಾಮಿಯಾನ ಒಂದಿತ್ತು. ಅದರ ಪಟ್ಟಿಗಳನ್ನು ಬಿಚ್ಚಿ ಬಣ್ಣ ಹಾಕಿಸಿ ನಡುವೆ ಇಟ್ಟೆ. ಅಂಚಿಗೆ ಹೊಸದು. ಜನ ಅಂಚನ್ನು ನೋಡುತ್ತಾರೆ, ನಡುವನ್ನು ಯಾರೂ ನೋಡುವುದಿಲ್ಲ. ಹರಿದದ್ದು ಆ ಬಟ್ಟೆ. ಹೊಲಿಗೆ ಬಿಡಲಿಲ್ಲ.

ಪೊಲೀಸರೆದುರು ಕೊಳೆತ ಬಟ್ಟೆ ಹಾಕಿದೆ ಎನ್ನಲು ನಾಲಿಗೆ ಬರಲಿಲ್ಲ. ಹೊಲಿಗೆ ಬಿಟ್ಟಿತು ಎಂದೆ. ಹೊಲಿಗೆ ಬಿಡುವುದು ತಪ್ಪು, ಎಲ್ಲರ ಕೈಯಲ್ಲೂ ಆಗುತ್ತದೆ. ಕೊಳೆತ ಬಟ್ಟೆ ಹಾಕುವುದು ಮೋಸ. ಸಣ್ಣದನ್ನು ಹೇಳಿ ದೊಡ್ಡದನ್ನು ಮುಚ್ಚಿದೆ. ಎಲ್ಲರೂ ಅದು ನನ್ನ ಹೊಲಿಗೆ ಎಂದುಕೊಳ್ಳುತ್ತಾರೆ, ಪೆಟ್ಟು ನನಗೇ ಬೀಳುತ್ತದೆ ಎಂದುಕೊಂಡೆ. ಬಾಗಿಲ ಹಿಂದೆ ಇದ್ದವಳ ನೆನಪು ಬರಲಿಲ್ಲ. ನೀನು ಮೆಶಿನ್ ಬಿಟ್ಟಾಗ ಓದಿನ ಹುಚ್ಚು ಎಂದು ಸಂತೋಷಪಟ್ಟೆ. ನಿನ್ನ ಮಾರ್ಚ್ ತಿಂಗಳ ಕಾಗದ ಓದಿದ ಮೇಲೆ ಹದಿನೈದು ದಿನ ನನಗೆ ಸೂಜಿಗೆ ನೂಲು ಪೋಣಿಸಲಾಗಲಿಲ್ಲ. ಅಮ್ಮಿಗೆ ಜ್ವರ ಬಂದದ್ದು ನಿಜ. ತಡವಾದದ್ದು ಅದರಿಂದಲ್ಲ.

ನಿನಗೆ ಬರೆಯುವ ಮುಂಚೆ ಹನುಮಂತರಾಜುವಿಗೆ ಹೇಳಬೇಕಿತ್ತು. ಹೋದ ವಾರ ಹೋದೆ. ಜಗಲಿಯಲ್ಲಿ ಕೋಲು ಪಕ್ಕಕ್ಕಿಟ್ಟು ಕುಳಿತಿದ್ದ. “ಏನ್ಲಾ ಕಮ್ರು, ದಾರಿ ತಪ್ಪಿ ಬಂದ್ಯಾ?” ಎಂದ. ನಿಂತುಕೊಂಡೇ ಎಲ್ಲ ಹೇಳಿದೆ. ಅವನು ಬೀಡಿ ಆರಿಸಿ ಏನೋ ಅಂದ. ನನಗೆ ಕೇಳಿಸಲಿಲ್ಲ. ಆಗ ಬೀದಿಗೆಲ್ಲ ಕೇಳುವಂತೆ ಕೂಗಿದ.

“ಗೊತ್ತಿತ್ತು ಕಣ್ಲಾ! ಲೈಟ್ ಕಟ್ಟಕ್ಕೆ ಕಂಬ ಹತ್ತಿದ್ದು ಯಾರು, ನಿಮ್ ತಾತನಾ? ಮೂಗ್ ಹತ್ರ ಇತ್ತು ನಿನ್ ಬಟ್ಟೆ. ಹಗಲೊತ್ತಲ್ಲೇ ಚುಕ್ಕಿ ಚುಕ್ಕಿ ಆಕಾಶ ಕಾಣ್ತಿತ್ತು.”

“ಮತ್ಯಾಕೆ ಯಾರಿಗೂ ಹೇಳಲಿಲ್ಲ?”

“ಮುರ್ದಿದ್ದು ನನ್ ಕಾಲು. ಹೇಳ್ಬೇಕಾದ್ದು ನಿನ್ ಬಾಯಿ. ಬರ್ತಾನೆ, ಬರ್ತಾನೆ ಅಂತ ಕಾದೆ. ಒಂಬತ್ ವರ್ಷ ಬೇಕಾಯ್ತಾ ಬಡ್ಡಿಮಗನೆ? ಕೂತ್ಕೊ. ಕಾಫಿ ಕುಡಿದು ಸಾಯಿ.”

ಎದುರು ಮನೆಯವರು ಕಿಟಕಿ ತೆರೆದು ನೋಡುತ್ತಿದ್ದರು. ಕುಳಿತುಕೊಂಡೆ. ಕಾಫಿ ಕುಡಿದೆ. ಎದ್ದು ಬರುವಾಗ ಅವನು ನಿನ್ನನ್ನು ಕೇಳಿದ.

ಇದರ ಜೊತೆ ಒಂದು ಬಟ್ಟೆಯ ತುಂಡು ಕಳಿಸುತ್ತಿದ್ದೇನೆ. ಅಂದು ಮೈದಾನದಿಂದ ಕತ್ತರಿಸಿ ತಂದು ನನ್ನ ಮೆಶಿನ್ನಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದೆ. ಸುಡಲು ತಂದದ್ದು, ಸುಡಲಾಗಲಿಲ್ಲ. ಇದು ನಿನ್ನ ಹೊಲಿಗೆ. ಎರಡು ಕೈಯಲ್ಲಿ ಹಿಡಿದು ಎಳೆದು ನೋಡು.

ಮಾಫ್ ಮಾಡು ಎಂದು ಬರೆಯುವುದು ಸುಲಭ. ನೀನು ಮೊದಲು ಎಳೆದು ನೋಡು.

ಕಮರುದ್ದೀನ್

*

ಪ್ಲೆಸೆಂಟನ್
ಜುಲೈ 19, 2025

ಅಬ್ಬಾ,

ಪ್ರದರ್ಶನ ನಿನ್ನೆ ತೆರೆಯಿತು. ಅರವತ್ತು ಜನ ಬಂದಿದ್ದರು. ಜಲಜಾ ಆಂಟಿ ನನ್ನ ಬೆನ್ನಿಗೆ ಕೈ ಕೊಟ್ಟು ಮುಂದೆ ತಳ್ಳಿ “ಹೋಗು, ಓದು, ಯಾರೂ ಕಚ್ಚಲ್ಲ” ಎಂದರು. ನನ್ನ ದನಿ ಮೊದಲ ಸಾಲಿನವರಿಗೂ ಕೇಳಿಸಿರಲಾರದು. ಆದರೆ ಗೋಡೆಯ ಮೇಲೆ ಅಕ್ಷರ ದೊಡ್ಡದಾಗಿದೆ: ಈ ಹಡಗಿನ ಬಟ್ಟೆಯನ್ನು ಹೊಲಿಸಿದವರು ರೋಸಾ ಮೆಡೇರೋಸ್. ಹಡಗು ಬಿದ್ದದ್ದು ಹಳೆಯ ಬಲೂನಿನ ಬಟ್ಟೆ ಹರಿದು. ಅವರ ಹೊಲಿಗೆ ಇಲ್ಲಿದೆ. ಅದು ಬಿಟ್ಟಿಲ್ಲ.

ಕೆಳಗೆ ಸಣ್ಣ ಅಕ್ಷರದಲ್ಲಿ, ಹೊಲಿಗೆಯನ್ನು ಪರೀಕ್ಷಿಸಲು ನೆರವಾದವರು ಎಂದು ನಿಮ್ಮ ಹೆಸರು, ಮುಂದೆ ಶಾಮಿಯಾನ ಕೆಲಸಗಾರರು, ಮೈಸೂರು ಎಂದು ಹಾಕಿದ್ದಾರೆ. ಜನ ಗಾಜಿನ ಪೆಟ್ಟಿಗೆಗೆ ಮೂಗು ಒತ್ತಿ ನೋಡುತ್ತಿದ್ದರು. ನೂರಾರು ಅಡಿಯ ಹಡಗಿನಲ್ಲಿ ಉಳಿದದ್ದು ಅಷ್ಟೇ. ಅಷ್ಟಕ್ಕೇ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು.

ನಿಮ್ಮ ಪಾರ್ಸೆಲ್ ಬಂದು ವಾರವಾಯಿತು. ತೆರೆಯಲು ಮೂರು ದಿನ ತೆಗೆದುಕೊಂಡೆ. ಆಮೇಲೆ ಕಿಟಕಿಯ ಮುಂದೆ ನಿಂತು ಹಿಡಿದು ನೋಡಿದೆ. ಹೊಲಿಗೆಯ ಈಚೆ ದಟ್ಟ ಕೆಂಪು. ಆಚೆ ಚುಕ್ಕಿ ಚುಕ್ಕಿ ಆಕಾಶ, ಹನುಮಂತರಾಜು ಅಂಕಲ್ ಹೇಳಿದ ಹಾಗೆಯೇ. ಎರಡು ಕೈಯಲ್ಲಿ ಎಳೆದೆ. ಬಿಡಲಿಲ್ಲ. ಕಲೀಮರಿಗೂ ಕೊಟ್ಟೆ. ಅವರು ಎಸಿ ಪೈಪು ಎಳೆಯುವಂತೆ ಎಳೆದರು. ಬಿಡಲಿಲ್ಲ.

ನೀವು ಕಲಿಸಿದಂತೆ ಸ್ಕೇಲು ಇಟ್ಟು ಎಣಿಸಿದೆ. ಮೊದಲ ಸಾಲು ಇಂಚಿಗೆ ಹನ್ನೆರಡು. ಅದು ನಾನೇ. ಸಾಲು ಅಲ್ಲಲ್ಲಿ ಸೊಟ್ಟ ಹೋಗಿದೆ, ಅಲ್ಲೆಲ್ಲ ಪುಟ ತಿರುಗಿಸಿದ್ದೇನೆ. ಎರಡನೇ ಸಾಲು ನೆಟ್ಟಗಿದೆ. ಇಂಚಿಗೆ ಎಂಟು.

ನನ್ನ ನೆನಪು ಸುಳ್ಳಾಗಿರಲಿಲ್ಲ ಅಬ್ಬಾ. ನಾನು ಎದ್ದು ಹೋದ ಮೇಲೆ ನೀವು ಬಂದು ಆ ಮೆಶಿನ್ನಿನ ಮುಂದೆ ಕುಳಿತಿದ್ದಿರಿ. ಅದನ್ನು ಅಂದೂ ಹೇಳಲಿಲ್ಲ, ಈ ಕಾಗದದಲ್ಲಿಯೂ ಬರೆಯಲಿಲ್ಲ. ಇದು ನಿನ್ನ ಹೊಲಿಗೆ ಎಂದಷ್ಟೇ ಬರೆದಿರಿ.

ಜಲಜಾ ಆಂಟಿಯ ಗ್ಯಾರೇಜಿನಲ್ಲಿ ಒಂದು ಹಳೆಯ ಹೊಲಿಗೆ ಮೆಶಿನ್ ಇದೆ. ನಾಳೆ ಕಲೀಮ್ ವ್ಯಾನಿನಲ್ಲಿ ತರುತ್ತಾರೆ. ಟಾಕಾದ ಅಳತೆಯ ತಿರುಪನ್ನು ಎಂಟಕ್ಕೆ ತಿರುಗಿಸಿಡುತ್ತೇನೆ.

ನಿಮ್ಮ ಮಗಳು
ಸಮ್ರೀನ್